ನಾಲ್ಕರಿಂದ ಆರು

ಗಾಳಿಮಳೆ ಹಿಡಿದು ಒಂಬತ್ತನೆಯ ದಿನ ಕಳಸದ ಆಚೆಯ ಏಳು ಮೊಬೈಲ್ ಟವರುಗಳಿಗೆ ಕರೆಂಟು ಹೋಯಿತು. ಮರಗಳ ಜೊತೆ ಕಂಬಗಳೂ ಸಾಲಾಗಿ ಮಗುಚಿಕೊಂಡಿದ್ದವು. ಎಲ್ಲ ಎಬ್ಬಿಸಿ ನಿಲ್ಲಿಸಲು ಹತ್ತು ದಿನವಾದರೂ ಬೇಕು ಎಂದು ಲೈನ್‌ಮನ್‌ಗಳು ಹೇಳಿಬಿಟ್ಟರು. ಅಲ್ಲಿಯವರೆಗೆ ಟವರು ಬದುಕಬೇಕಾದರೆ ಜನರೇಟರಿಗೆ ಡೀಸೆಲ್ ಹಾಕಬೇಕು. ಟವರು ನೋಡಿಕೊಳ್ಳುವ ಗುತ್ತಿಗೆ ಕಂಪನಿಯ ಹತ್ತಿರ ಇದ್ದದ್ದು ಒಂದೇ ಪಿಕಪ್ ಗಾಡಿ, ಒಬ್ಬನೇ ಡ್ರೈವರ್. ಘಾಟಿ ರಸ್ತೆ ಕುಸಿದಿದ್ದರಿಂದ ಡೀಸೆಲ್ ಕೂಡ ಅಳೆದು ಕೊಡುತ್ತಿದ್ದರು. ದಿನಕ್ಕೆ ಏಳು ಕ್ಯಾನು, ಟವರಿಗೆ ಒಂದು. ಒಂದು ಕ್ಯಾನಿಗೆ ಜನರೇಟರು ಓಡುವುದು ನಾಲ್ಕು ಗಂಟೆ.

ಇಪ್ಪತ್ನಾಲ್ಕು ಗಂಟೆಯ ದಿನದಲ್ಲಿ ಆ ನಾಲ್ಕು ಗಂಟೆ ಯಾವುದಾಗಿರಬೇಕು ಎಂದು ಯೋಚಿಸಿದ್ದು ಭವ್ಯಾ ಒಬ್ಬಳೇ.

ಚಿಕ್ಕಮಗಳೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಆ ಕಂಪನಿಯ ಆಫೀಸು. ಭವ್ಯಾಗೆ ಇಪ್ಪತ್ತಾರು ವರ್ಷ. ಕಳಸದ ಹತ್ತಿರದ ಕಲ್ಲುಬಾನೆ ಎಸ್ಟೇಟಿನ ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಹುಟ್ಟಿ, ಡಿಪ್ಲೊಮಾ ಮಾಡಿ, ಕಡೂರಿನ ರೈಲ್ವೆ ಸಿಗ್ನಲ್ ವಿಭಾಗದಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗಿದ್ದವಳು. ಅಲ್ಲಿ ಒಂಟಿ ಹಳಿಯ ಮೇಲೆ ಎರಡು ಗಾಡಿಗಳನ್ನು ಓಡಿಸುವ ಲೆಕ್ಕ ಅವಳಿಗೆ ಬಹಳ ಹಿಡಿಸಿತ್ತು. ಒಂದು ಗಾಡಿ ಬರುವವರೆಗೆ ಇನ್ನೊಂದು ಪಕ್ಕದ ಹಳಿಯಲ್ಲಿ ನಿಲ್ಲಬೇಕು. ನಿಂತ ಗಾಡಿಯವರು ಬೈಯುವುದಿಲ್ಲ, ಏಕೆಂದರೆ ಎಷ್ಟು ಹೊತ್ತಿಗೆ ಬಿಡುತ್ತಾರೆಂದು ಅವರಿಗೆ ಗೊತ್ತಿರುತ್ತದೆ. ಜನಕ್ಕೆ ಕೊರತೆಗಿಂತ ಹೆಚ್ಚು ಕಾಡುವುದು ಯಾವಾಗ ಸಿಗುತ್ತದೋ ತಿಳಿಯದೆ ಇರುವುದು ಎಂಬ ಮಾತನ್ನು ಅವಳು ಅಲ್ಲಿಂದ ತಂದಿದ್ದಳು.

ಅದನ್ನೇ ಟವರುಗಳಿಗೂ ಹಾಕಿದಳು. ಏಳೂ ಊರಿಗೆ ಪಾಳಿ ಬರೆದಳು. ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನದ ಮೇಲೆ ಎರಡು ಗಂಟೆ. ಕಲ್ಲುಬಾನೆಗೆ ಎಂಟರಿಂದ ಹತ್ತು, ಆಮೇಲೆ ಆರರಿಂದ ಎಂಟು. ಮಂಜಿನಕಾನಿಗೆ ಏಳರಿಂದ ಒಂಬತ್ತು, ಆಮೇಲೆ ನಾಲ್ಕರಿಂದ ಆರು. ಹೀಗೆ. ಪಾಳಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಡ್ರೈವರ್ ಕುಮಾರನ ಕೈಯಲ್ಲಿ ಕೊಟ್ಟು ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಬಸ್ಸು ನಿಲ್ಲುವ ಕಟ್ಟೆ ಎಲ್ಲ ಕಡೆ ಅಂಟಿಸಿದಳು. ಎರಡು ದಿನದಲ್ಲಿ ಬೈಗುಳದ ಫೋನುಗಳು ನಿಂತವು. ನಾಲ್ಕು ಗಂಟೆ ಎಂದರೆ ನಾಲ್ಕಕ್ಕೆ ಸರಿಯಾಗಿ ಸಿಗ್ನಲ್ ಬರುತ್ತಿತ್ತು. ಜನ ಕೆಲಸ ಬಿಟ್ಟು, ಕೊಡೆ ಹಿಡಿದು, ದಿಬ್ಬ ಹತ್ತಿ ಕಾದು, ಹೇಳುವುದನ್ನೆಲ್ಲ ಹೇಳಿ ಇಳಿಯುತ್ತಿದ್ದರು.

"ನೀನು ಇಲ್ಲಿ ಇರಬೇಕಾದವಳಲ್ಲ ಮಾರಾಯ್ತಿ, ಡಿಸಿ ಆಫೀಸಲ್ಲಿ ಇರಬೇಕಾದವಳು," ಎಂದ ಮ್ಯಾನೇಜರ್ ದರ್ಶನ್. ಬೆಂಗಳೂರಿನ ಮೇಲಿನವರಿಗೆ ಆ ಪಾಳಿಯ ಹಾಳೆಯನ್ನು ತನ್ನ ಹೆಸರಿನಲ್ಲಿ ಕಳಿಸಿದ್ದ. ಅದು ಭವ್ಯಾಗೆ ಗೊತ್ತಿತ್ತು. ಬೇಸರವಾಗಲಿಲ್ಲ.

ಕುಮಾರನಿಗೆ ನಲವತ್ತು ದಾಟಿತ್ತು. ಕೊಟ್ಟಿಗೆಹಾರದವನು. ಭವ್ಯಾ ಕೆಲಸಕ್ಕೆ ಸೇರಿದ ಹೊಸತರಲ್ಲಿ ಟವರಿನ ಬುಡದ ಕ್ಯಾಬಿನ್ನಿಗೆ ಕರೆದುಕೊಂಡು ಹೋಗಿ ಬ್ಯಾಟರಿ, ಜನರೇಟರು, ಒಂದೊಂದೂ ತೋರಿಸಿದವನು ಅವನೇ. ಅವಳನ್ನು ತಂಗೀ ಎನ್ನುತ್ತಿದ್ದ, ಅವಳು ಕುಮಾರಣ್ಣ ಎನ್ನುತ್ತಿದ್ದಳು.

ಗುರುವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ, ಕಲ್ಲುಬಾನೆಯ ಪಾಳಿ ಮುಗಿಯಲು ಕಾಲು ಗಂಟೆ ಇರುವಾಗ, ತಾಯಿ ಸಿದ್ದಮ್ಮನ ಫೋನು ಬಂತು.

"ಮಗಾ, ನಿನ್ನ ಅಕ್ಕಂಗೆ ಬೆಳಿಗ್ಗೆಯಿಂದ ಸೊಂಟ ಹಿಡೀತಾ ಬಿಡ್ತಾ ಐತೆ."

ಅಕ್ಕ ದೀಪಶ್ರೀಗೆ ಇದು ಮೊದಲ ಬಸಿರು. ದಿನ ತುಂಬಿತ್ತು.

"ಆಸ್ಪತ್ರೆಗೆ ಹೋಗಿಬಿಡಿ ಅಮ್ಮಾ."

"ಮೊನ್ನೆ ಹೋಗಿದ್ದಕ್ಕೆ ಇನ್ನೂ ದಿನ ಅದೆ ಅಂತ ವಾಪಸ್ ಕಳಿಸಿದ್ರು. ಇವತ್ತೂ ಹಂಗೇ ಆದ್ರೆ? ನೋವು ಗಟ್ಟಿಯಾದ್ರೆ ಆಂಬ್ಯುಲೆನ್ಸ್‌ಗೆ ಮಾಡಿ ಅಂದಿದಾರೆ. ಹತ್ತಕ್ಕೆ ನಿಮ್ ಟವರ್ ಹೋಯ್ತದೆ. ಆಮೇಲೆ ಆರು ಗಂಟೆವರೆಗೂ ಇಲ್ಲ. ನಡುವೆ ಬಂದ್ರೆ ಯಾರಿಗೆ ಅಂತ ಮಾಡದು?"

"ಎಲ್ಲರಿಗೂ ಅಷ್ಟೇ ಅಮ್ಮಾ. ನಾನು ಮನೆಯವರಿಗೆ ಒಂದು ಪಾಳಿ, ಊರವರಿಗೆ ಒಂದು ಪಾಳಿ ಅಂತ ಮಾಡಕ್ಕಾಗಲ್ಲ."

ಸಿದ್ದಮ್ಮ ಅಂಗಲಾಚಲಿಲ್ಲ. "ಸರಿ," ಎಂದಳು. ಅಷ್ಟೇ ಹೇಳಿ ಇಟ್ಟಳು. ಅವಳು ಜೀವನವಿಡೀ ಎಸ್ಟೇಟಿನ ರೈಟರಿಗೆ, ಮೇಸ್ತ್ರಿಗೆ, ಸಾಹುಕಾರರಿಗೆ ಹೇಳಿಕೊಂಡು ಬಂದ ಸರಿ ಅದು. ಮಗಳಿಗೂ ಅದೇ ಸ್ವರದಲ್ಲಿ ಹೇಳಿದ್ದಳು.

ಭವ್ಯಾ ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಕೆಳಗೆ ಬೇಕರಿಯವನು ಶೆಟರ್ ಅರ್ಧ ಎಳೆದು ಮಳೆ ನೀರು ಗುಡಿಸುತ್ತಿದ್ದ. ಐದು ನಿಮಿಷ ಕಳೆದ ಮೇಲೆ ಕುಮಾರನಿಗೆ ಫೋನು ಮಾಡಿದಳು. ಅವನು ಆಗಷ್ಟೇ ಕಳಸ ಪೇಟೆ ದಾಟುತ್ತಿದ್ದ.

"ಕುಮಾರಣ್ಣ, ಇವತ್ತು ಮಂಜಿನಕಾನಿಗೆ ಹೋಗಬೇಡಿ. ಆ ಕ್ಯಾನನ್ನೂ ಕಲ್ಲುಬಾನೆಗೆ ಹಾಕಿ. ನೇರ ಅಲ್ಲಿಗೇ ಹೋಗಿ. ನೀವು ಹಾಕಿದ ತಕ್ಷಣ ನಾನು ಇಲ್ಲಿಂದ ಆನ್ ಮಾಡ್ತೀನಿ."

"ಮಂಜಿನಕಾನಿಗೆ?"

"ಒಂದು ದಿನ ಅಷ್ಟೇ. ನಾಳೆ ಕೊಟ್ಟರಾಯ್ತು. ಅಕ್ಕಂಗೆ ನೋವು ಶುರುವಾಗಿದೆ."

ಕುಮಾರ ಲೆಕ್ಕ ಹಾಕಿದ. ಮಂಜಿನಕಾನಿಗೆ ಹೋಗುವುದು ಬೇರೆಯೇ ಕವಲು ದಾರಿ. ಹೋಗಿ ಬರಲು ಎರಡು ಗಂಟೆ ಬೇಕು. ಅದನ್ನು ಬಿಟ್ಟರೆ ಕಲ್ಲುಬಾನೆಗೆ ಹನ್ನೊಂದೂವರೆಗೇ ಮುಟ್ಟಬಹುದು.

"ಅಲ್ಲಿಯವರಿಗೆ ಹೇಳದು ಹ್ಯಾಗೆ?"

"ಅವರ ಟವರ್ ಒಂಬತ್ತಕ್ಕೇ ಆಫ್ ಆಗಿದೆ. ಮೆಸೇಜ್ ಹಾಕಿದ್ರೂ ಹೋಗಲ್ಲ."

"ಬುಕ್ಕಲ್ಲಿ ಎಂತ ಬರೀಲಿ?"

"ಏನೂ ಬರೀಬೇಡಿ. ಇಲ್ಲಿ ನಾನು ಸರಿ ಮಾಡ್ತೀನಿ."

"ಆಯ್ತು ಬಿಡು ತಂಗಿ. ಹೆಣ್ಮಗಳ ಜೀವ ದೊಡ್ಡದು," ಎಂದ ಕುಮಾರ.

ಎರಡು ಗಂಟೆಗೆ ದೀಪಶ್ರೀಯ ನೋವು ಗಟ್ಟಿಯಾಯಿತು. ಎರಡೂ ಹತ್ತಕ್ಕೆ ಸಿದ್ದಮ್ಮ ಲೈನಿನ ಅಂಗಳದಿಂದಲೇ ಆಂಬ್ಯುಲೆನ್ಸಿಗೆ ಫೋನು ಮಾಡಿದಳು. ನಾಲ್ಕೂ ಇಪ್ಪತ್ತಕ್ಕೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಕರುಳುಬಳ್ಳಿ ಕೊರಳಿಗೆ ಎರಡು ಸುತ್ತು ಬಿದ್ದಿತ್ತಂತೆ. ಮನೆಯಲ್ಲೇ ಆಗಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು. ಭವ್ಯಾ ಆಫೀಸಿನ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಸಂತೋಷಕ್ಕೆ ಅತ್ತಳು.

ಮಂಜಿನಕಾನಿನ ಸುದ್ದಿ ಬಂದದ್ದು ಮರುದಿನ. ಅಲ್ಲಿ ಮೂರೆಕರೆ ಕಾಫಿ ತೋಟದ ಸುಬ್ಬಣ್ಣ ಎಂಬವರು ಗುರುವಾರ ಮಧ್ಯಾಹ್ನ ತೋಟದ ಚರಂಡಿ ಬಿಡಿಸುವಾಗ ಸಿಲ್ವರ್ ಓಕಿನ ಕೊಂಬೆ ಮುರಿದು ಬಿದ್ದು ತೊಡೆ ಸೀಳಿತ್ತು. ನಾಲ್ಕು ಗಂಟೆಗೆ ಸಿಗ್ನಲ್ ಬರುತ್ತದೆ, ಆಂಬ್ಯುಲೆನ್ಸ್ ಕರೆಯೋಣ ಎಂದು ಮನೆಯವರು ಕಾದಿದ್ದರು. ಸಿಗ್ನಲ್ ಬರಲಿಲ್ಲ. ಸಂಜೆ ಹೊತ್ತುಕೊಂಡು ಹೊರಟಾಗ ದಾರಿಯಲ್ಲಿ ಸತ್ತಿದ್ದರು.

ಶನಿವಾರ ಹತ್ತು ಗಂಟೆಗೆ ಮಂಜಿನಕಾನಿನ ಹನ್ನೆರಡು ಜನ ಮಹಡಿ ಹತ್ತಿ ಬಂದರು. ಮುಂದೆ ಇದ್ದವನು ಸತ್ತವರ ಭಾವಮೈದ, ರಾಜೀವ್. ಕೈಯಲ್ಲಿ ಪಾಳಿಯ ಹಾಳೆ. ಡೈರಿಯ ಗೋಡೆಯಿಂದ ಕಿತ್ತು ತಂದದ್ದು, ಮೂಲೆಗಳಲ್ಲಿ ಸುಣ್ಣ ಅಂಟಿಕೊಂಡಿತ್ತು.

"ಇದನ್ನ ಬರ್ದಿದ್ದು ಯಾರು?"

ದರ್ಶನ್ ಎದ್ದು ನಿಂತ. "ಕೂತ್ಕೊಳ್ಳಿ, ಮಾತಾಡೋಣ. ಪಾಳಿ ಸರಿಯಾಗೇ ಇದೆ. ಡೀಸೆಲ್ ಹಾಕೋದು ನಮ್ ಡ್ರೈವರ್ ಕೆಲಸ." ತಿರುಗಿ ಕೂಗಿದ, "ಕುಮಾರ್!"

ಡೀಸೆಲ್ ಬರುವುದು ತಡವಾಗಿ ಇನ್ನೂ ಹೊರಡದಿದ್ದ ಕುಮಾರ ಬಾಗಿಲ ಬಳಿ ನಿಂತಿದ್ದ. ಹಿಂದಿನ ಸಂಜೆಯೇ ಅವನು ಭವ್ಯಾಗೆ ಫೋನು ಮಾಡಿ ಕೇಳಿದ್ದ, "ದರ್ಶನ್ ಸಾರ್‌ಗೆ ಹೇಳಿದ್ಯಾ ತಂಗಿ?" ಎಂದು. ಹೇಳುತ್ತೇನೆ, ಬೆಳಿಗ್ಗೆ ಹೇಳುತ್ತೇನೆ ಎಂದಿದ್ದಳು. ಬೆಳಿಗ್ಗೆ ಆಫೀಸಿಗೆ ಬಂದಾಗ ದರ್ಶನ್ ಬೆಂಗಳೂರಿನವರ ಜೊತೆ ಫೋನಿನಲ್ಲಿದ್ದ. ಫೋನು ಮುಗಿಯಲಿ ಎಂದು ಕಾದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಾಲ ಸದ್ದು ಕೇಳಿತು.

"ಗುರುವಾರ ಮಂಜಿನಕಾನಿಗೆ ಯಾಕೆ ಹೋಗಲಿಲ್ಲ?" ದರ್ಶನ್ ಕೇಳಿದ.

ಕುಮಾರ ಭವ್ಯಾಳ ಕಡೆ ಒಂದು ಸಲ ನೋಡಿದ. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಹನ್ನೆರಡು ಜನ ಗಂಡಸರ ಎದುರಿಗೆ ಈ ಹುಡುಗಿಯನ್ನು ನಿಲ್ಲಿಸುವುದು ಬೇಡ, ಅವರು ಹೋದ ಮೇಲೆ ಒಳಗೇ ಮಾತಾಡಿ ಬಗೆಹರಿಸಿಕೊಳ್ಳಲಿ ಎಂದು ಅವನಿಗೆ ಅನ್ನಿಸಿರಬೇಕು.

"ದಾರೀಲಿ ಮರ ಬಿದ್ದಿತ್ತು ಸಾರ್. ಗಾಡಿ ಹೋಗ್ಲಿಲ್ಲ."

ಭವ್ಯಾಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಎಷ್ಟು ಸಲೀಸಾದ ಮಾತು! ಈ ಮಳೆಯಲ್ಲಿ ಯಾವ ದಾರಿಯಲ್ಲಿ ಮರ ಬಿದ್ದಿಲ್ಲ? ತನಗೇ ಯಾಕೆ ಹೊಳೆಯಲಿಲ್ಲ ಎಂದುಕೊಂಡಳು.

ರಾಜೀವ್ ನಗಾಡಿದ. ಕೇಳಲಾಗದಂಥ ನಗು ಅದು.

"ಯಾವ ಮರ? ಗುರುವಾರ ಹನ್ನೊಂದು ಗಂಟೆಗೆ ಹಾಲಿನ ವ್ಯಾನ್ ಬಂತು, ಒಂದು ಗಂಟೆಗೆ ವಾಪಸ್ ಹೋಯ್ತು. ವ್ಯಾನಿನವನ್ನ ಕರ್ಕೊಂಡೇ ಬಂದಿದೀವಿ. ಹೇಳೋ, ಮರ ಇತ್ತಾ?"

ಹಿಂದೆ ನಿಂತಿದ್ದವನೊಬ್ಬ ತಲೆ ಅಲ್ಲಾಡಿಸಿದ.

ದರ್ಶನ್‌ನ ಸ್ವರ ಬದಲಾಯಿತು. ಈ ಹೊಣೆಯನ್ನು ಇಳಿಸಲು ಜಾಗ ಸಿಕ್ಕಿತೆಂದು ಅವನಿಗೆ ತಿಳಿದಿತ್ತು.

"ಏಳು ಕ್ಯಾನ್ ತಗೊಂಡು ಹೋಗಿದೀಯ. ಬುಕ್ಕಲ್ಲಿ ಆರು ಬರ್ದಿದೀಯ. ಏಳನೇ ಕ್ಯಾನ್ ಎಲ್ಲಿ ಕುಮಾರ್?"

ಕುಮಾರ ಮತ್ತೆ ಭವ್ಯಾಳ ಕಡೆ ನೋಡಿದ.

"ಮಾರಿದ್ಯಾ?"

"ಇಲ್ಲ ಸಾರ್! ದೇವರಾಣೆ ಇಲ್ಲ."

"ಮತ್ತೆ?"

"ಕಲ್ಲುಬಾನೆಗೆ ಹಾಕಿದೆ ಸಾರ್. ಭವ್ಯಾ ಹೇಳಿದ್ಲು. ಅವಳನ್ನೇ ಕೇಳಿ."

ಎಲ್ಲರೂ ಭವ್ಯಾಳ ಕಡೆ ತಿರುಗಿದರು. ಅವಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ಹೌದು ಎನ್ನಬೇಕು ಎಂದೇ ಬಾಯಿ ತೆರೆದಳು. ಆದರೆ ಕಣ್ಣಿಗೆ ಬಿದ್ದದ್ದು ರಾಜೀವನ ಕೈ. ಹಾಳೆ ಆ ಮುಷ್ಟಿಯಲ್ಲಿ ಮುದ್ದೆಯಾಗುತ್ತಿತ್ತು. ಆ ಕೈ ತನ್ನ ಕಡೆ ಬರುತ್ತದೆ ಎಂದು ಅವಳಿಗೆ ಭಯವಾಯಿತು.

"ಚಾರ್ಟಲ್ಲಿ ಮಂಜಿನಕಾನು ಅಂತಲೇ ಇದೆ ಸಾರ್," ಎಂದಳು.

"ಅದು ಗೊತ್ತು. ಬೇರೆ ಕಡೆ ಹಾಕು ಅಂತ ನೀನು ಹೇಳಿದ್ಯಾ?"

"ಇಲ್ಲ ಸಾರ್."

ಕುಮಾರ ಬಾಯಿಬಿಟ್ಟು ನೋಡಿದ. ಅವನು ಕಿರುಚಲಿಲ್ಲ. "ತಂಗೀ..." ಎಂದ, ಕಾಲು ಜಾರಿದವಳನ್ನು ಹಿಡಿದುಕೊಳ್ಳಲು ಹೋದವನ ಹಾಗೆ.

"ಈಗಷ್ಟೇ ಮರ ಬಿತ್ತು ಅಂದ್ಯಲ್ಲೋ!" ಎಂದು ರಾಜೀವ್ ಅವನ ಅಂಗಿಯ ಕೊರಳು ಹಿಡಿದ. ಕುಮಾರನ ಒಂದು ಸುಳ್ಳು ಅವನ ಎಲ್ಲ ನಿಜವನ್ನೂ ಕೆಡಿಸಿತ್ತು. ಮೊದಲ ಏಟು ಕೆನ್ನೆಗೆ ಬಿತ್ತು. ಆಮೇಲೆ ಯಾರು ಯಾರು ಹೊಡೆದರೋ ಲೆಕ್ಕವಿಲ್ಲ. ದರ್ಶನ್, "ಹೊರಗೆ, ಹೊರಗೆ, ಇಲ್ಲಿ ಬೇಡ," ಎನ್ನುತ್ತಿದ್ದ. ಮೆಟ್ಟಿಲ ಮೇಲೆ ಅವನನ್ನು ಎಳೆದುಕೊಂಡು ಹೋದರು. ಬೇಕರಿಯ ಮುಂದೆ ನಿಂತ ಜನ ಡೀಸೆಲ್ ಕಳ್ಳನಂತೆ ಎಂದು ಮಾತಾಡಿಕೊಂಡರು.

ಎಲ್ಲರೂ ಹೋದ ಮೇಲೆ ದರ್ಶನ್ ಅವಳ ಮೇಜಿನ ಹತ್ತಿರ ಬಂದ.

"ಏಳೂ ಟವರಿನ ಗುರುವಾರದ ರಿಪೋರ್ಟ್ ತೆಗಿ. ಬೆಂಗಳೂರಿಗೆ ಕಳಿಸಬೇಕು."

ರಿಪೋರ್ಟಿನಲ್ಲಿ ಕಲ್ಲುಬಾನೆಯ ಟವರು ಗುರುವಾರ ನಾಲ್ಕು ಗಂಟೆ ಹೆಚ್ಚು ಓಡಿದ್ದು ಕಾಣುತ್ತಿತ್ತು. ಯಾಕೆಂದು ಬರೆಯಲು ಪಕ್ಕದಲ್ಲಿ ಒಂದು ಖಾಲಿ ಜಾಗವಿತ್ತು. ಭವ್ಯಾ ಅದರಲ್ಲಿ "ಹಿಂದಿನ ದಿನಗಳ ಡೀಸೆಲ್ ಉಳಿಕೆ" ಎಂದು ಬರೆದಳು. ದರ್ಶನ್ ಅದನ್ನು ಓದಿದ. ಎರಡು ಸಲ ಓದಿದ. ಆಮೇಲೆ ಅವಳ ಮುಖ ನೋಡದೆ, "ಕಳಿಸು," ಎಂದ. ಅವನಿಗೆ ಗೊತ್ತಾಗಿತ್ತು. ಗೊತ್ತಾದದ್ದನ್ನು ಅವನು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಅದಾದ ಮೇಲೆ ಅವಳಿಗೆ ಯಾವ ಕೆಲಸ ಹೇಳಿದರೂ ಒಮ್ಮೆಯೂ ಮಾರಾಯ್ತಿ ಎನ್ನಲಿಲ್ಲ, ಅಷ್ಟೇ.

ಮಂಗಳವಾರ ಸುಬ್ಬಣ್ಣನವರ ಹೆಂಡತಿ ವಿಮಲಮ್ಮ ಬಂದರು. ಐವತ್ತರ ಹೆಂಗಸು. ಜೊತೆಗೆ ತಮ್ಮ ರಾಜೀವನೂ ಇದ್ದ, ಆದರೆ ಅವನು ಕೆಳಗೇ ನಿಂತ. ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಬರೆದು ತನ್ನಿ ಎಂದಿದ್ದರಂತೆ. ಟವರು, ಡೀಸೆಲ್ಲು, ಪಾಳಿ ಇದನ್ನೆಲ್ಲ ಬರೆಯುವುದು ಹೇಗೆಂದು ಅವರಿಗೆ ತಿಳಿಯದು.

"ಭವ್ಯಾ ಬರೆದು ಕೊಡ್ತಾಳೆ. ಕನ್ನಡ ಚೆನ್ನಾಗಿ ಬರೀತಾಳೆ," ಎಂದ ದರ್ಶನ್. ಹೇಳಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ವಿಮಲಮ್ಮ ಅವಳ ಎದುರಿನ ಕುರ್ಚಿಯಲ್ಲಿ ಕೂತರು. ಭವ್ಯಾ ಹಾಳೆ ತೆಗೆದುಕೊಂಡಳು.

"ಎಲ್ಲಿಂದ ಹೇಳಲಿ ಮಗಾ?"

"ಏಟು ಬಿದ್ದಲ್ಲಿಂದ ಹೇಳಿ."

"ಒಂದು ಗಂಟೆ ಇರಬೇಕು. ಹಾಲಿನ ವ್ಯಾನ್ ಆಗಷ್ಟೇ ಹೋಗಿತ್ತು. ಕೂಗಿದ್ದು ಕೇಳಿ ಓಡಿ ಹೋದೆ. ನಾನು, ಪಕ್ಕದ ಮನೆಯವನು ಸೇರಿ ಜಗಲಿಗೆ ತಂದ್ವಿ. ಸೀರೆ ಹರಿದು ಕಟ್ಟಿದೆ. ಪಕ್ಕದ ಮನೆಯವನು ಹೇಳಿದ, ಕುರ್ಚಿ ಮೇಲೆ ಕೂರಿಸಿ ಹೊತ್ಕೊಂಡು ಟಾರ್ ರಸ್ತೆಗೆ ಹೋಗಾಣ, ಯಾವ್ದಾದ್ರೂ ಗಾಡಿ ಸಿಗ್ತದೆ ಅಂತ. ಎರಡು ಮೈಲಿ ಆಗ್ತದೆ. ಇವರೇ ಬೇಡ ಅಂದ್ರು. ಈ ಮಳೇಲಿ ಜಾರಿ ಬೀಳಿಸ್ತೀರಿ, ನಾಲ್ಕು ಗಂಟೆಗೆ ಫೋನ್ ಬರ್ತದಲ್ಲ, ಆಂಬ್ಯುಲೆನ್ಸ್ ಮನೆ ಬಾಗಿಲಿಗೇ ಬರ್ತದೆ ಅಂದ್ರು. ನಂಗೂ ಸರಿ ಅನ್ನಿಸ್ತು. ಒಂದು ದಿನನೂ ತಪ್ಪಿರಲಿಲ್ಲವಲ್ಲ."

ಭವ್ಯಾ ಬರೆಯುತ್ತಿದ್ದಳು.

"ಮೂರೂವರೆಗೇ ನಾನು ದಿಬ್ಬದ ಮೇಲೆ ಹೋಗಿ ನಿಂತೆ. ನಾಲ್ಕಾಯ್ತು. ನಾಲ್ಕೂಕಾಲಾಯ್ತು. ಫೋನ್ ಆಫ್ ಮಾಡಿ ಆನ್ ಮಾಡಿದೆ. ನನ್ನ ಫೋನೇ ಕೆಟ್ಟಿದೆ ಅಂದ್ಕೊಂಡೆ ಮಗಾ. ಪಕ್ಕದ ಮನೆಯವನ ಫೋನ್ ತರಿಸಿದೆ. ಇವರಿಗೆ ಆಗ ಇನ್ನೂ ಮಾತಿತ್ತು. ಐದು ಗಂಟೆಗೆ ಕೆಳಗೆ ಓಡಿ ಹೋಗಿ ನೋಡಿದ್ರೆ, ಬಂತಾ ವಿಮಲಾ ಅಂತ ಕೇಳಿದ್ರು. ಈಗ ಬರ್ತದೆ ಅಂದೆ. ಮತ್ತೆ ಹತ್ತಿದೆ. ಆರು ಗಂಟೆವರೆಗೆ ಟೈಮಿದೆಯಲ್ಲ ಅಂತ ನಿಂತೇ ಇದ್ದೆ. ಆರೂ ಹತ್ತಕ್ಕೆ ಪಕ್ಕದ ಮನೆಯವನು ಬೈದು ಎಳ್ಕೊಂಡು ಬಂದ. ಹೊತ್ಕೊಂಡು ಹೊರಟ್ವಿ. ಅರ್ಧ ದಾರಿ ಆಗಿರಲಿಲ್ಲ."

ಅವರು ಅಳಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡರು.

"ಆ ಹಾಳೆ ಇಲ್ಲದಿದ್ರೆ ಒಂದು ಗಂಟೆಗೇ ಹೊತ್ಕೊಂಡು ಹೋಗ್ತಿದ್ವಿ. ಅಲ್ಲವಾ?"

ಭವ್ಯಾ ತಲೆ ಎತ್ತಲಿಲ್ಲ. "ಅದನ್ನೂ ಬರೀಲಾ?"

"ಬೇಡ. ಹಾಳೆ ಬರ್ದವರ ತಪ್ಪೆಂತ ಅದರಲ್ಲಿ? ಒಳ್ಳೇದಕ್ಕೇ ಮಾಡಿದ್ರು. ಕದ್ದವನದ್ದು ಬರಿ."

ಭವ್ಯಾ ಬರೆದಳು. ಕುಮಾರನ ಪೂರ್ತಿ ಹೆಸರು, ಅವನ ತಂದೆಯ ಹೆಸರು, ಕೊಟ್ಟಿಗೆಹಾರದ ವಿಳಾಸ. ಸಾರ್ವಜನಿಕರ ಉಪಯೋಗಕ್ಕೆಂದು ಕೊಟ್ಟ ಡೀಸೆಲನ್ನು ಸ್ವಂತಕ್ಕೆ ಬಳಸಿಕೊಂಡು, ವಿಚಾರಿಸಿದಾಗ ಸುಳ್ಳು ಹೇಳಿ, ಒಂದು ಜೀವದ ಸಾವಿಗೆ ಕಾರಣನಾಗಿರುತ್ತಾನೆ ಎಂದು ಬರೆದಳು. ಒಂದು ಕಡೆ ವಾಕ್ಯ ಸಡಿಲವಾಗಿದೆ ಎನ್ನಿಸಿತು. ಹೊಡೆದುಹಾಕಿ, ಇನ್ನೂ ಬಿಗಿಯಾಗಿ ಬರೆದಳು. ಬರೆಯುವಾಗ ಅವಳಿಗೆ ಕುಮಾರನ ಮೇಲೆ ನಿಜವಾಗಿಯೂ ಸಿಟ್ಟು ಬಂತು. ಮರ ಬಿತ್ತು ಎಂದು ಅವನಿಗೆ ಯಾರು ಹೇಳು ಅಂದಿದ್ದರು? ಮೊದಲೇ ಇದ್ದದ್ದು ಹೇಳಿದ್ದರೆ ತಾನೂ ಹೇಳುತ್ತಿರಲಿಲ್ಲವೆ? ಹೀಗೆ ಯೋಚಿಸಿದಷ್ಟೂ ಕೈ ಚುರುಕಾಯಿತು.

ಓದಿ ಹೇಳಿದಾಗ ವಿಮಲಮ್ಮ ಅವಳ ಕೈ ಹಿಡಿದುಕೊಂಡರು.

"ನನ್ನ ಹೊಟ್ಟೆಯಲ್ಲಿದ್ದದ್ದು ಹಂಗೇ ಬರ್ದಿದೀಯ. ನಿನ್ನ ನಂಬರ್ ಕೊಡು ಮಗಾ. ಸ್ಟೇಷನ್ನಲ್ಲಿ ಎಂತಾದ್ರೂ ಕೇಳಿದ್ರೆ ನಿಂಗೆ ಮಾಡ್ತೀನಿ."

ಭವ್ಯಾ ನಂಬರು ಕೊಟ್ಟಳು.

ಕುಮಾರನನ್ನು ಪೊಲೀಸರು ಕರೆದೊಯ್ದು ಹನ್ನೊಂದು ದಿನ ಇಟ್ಟುಕೊಂಡರು. ಜಾಮೀನಿನ ಮೇಲೆ ಹೊರಗೆ ಬಂದಾಗ ಅವನ ಎಡಗಿವಿ ಕೇಳುತ್ತಿರಲಿಲ್ಲ. ಅದು ಆಫೀಸಿನ ಮೆಟ್ಟಿಲ ಮೇಲೆ ಆದದ್ದೋ ಆಮೇಲೆ ಆದದ್ದೋ ಯಾರೂ ಕೇಳಲಿಲ್ಲ. ಕೆಲಸದಿಂದ ತೆಗೆದಿದ್ದರು. ಭವ್ಯಾಗೆ ಅವನು ಮೂರು ಸಲ ಫೋನು ಮಾಡಿದ. ಅವಳು ಎತ್ತಲಿಲ್ಲ. ನಾಲ್ಕನೆಯ ಸಲ ಮಾಡುವ ಮೊದಲೇ ನಂಬರನ್ನು ಬ್ಲಾಕ್ ಮಾಡಿದಳು.

ಸೆಪ್ಟೆಂಬರಿನಲ್ಲಿ ದೀಪಶ್ರೀಯ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಭಾನುವಾರ. ಭವ್ಯಾ ಬೆಳಗಿನ ಬಸ್ಸಿಗೇ ಕಲ್ಲುಬಾನೆಗೆ ಹೋದಳು. ಮಳೆ ಹೊಳವಾಗಿತ್ತು. ಲೈನಿನ ಅಂಗಳದಲ್ಲಿ ಟಾರ್ಪಾಲು ಕಟ್ಟಿ, ಅಡುಗೆಗೆ ಒಲೆ ಹೂಡಿದ್ದರು. ಹೆಂಗಸರೆಲ್ಲ ಅವಳ ಕೆನ್ನೆ ಸವರಿ, ನೀನು ಕಳಿಸಿದ ಡೀಸೆಲಿಂದ ಹುಟ್ಟಿದ ಮಗು ಎಂದರು. ಆ ದಿನ ಕುಮಾರ ಕ್ಯಾನು ಇಳಿಸುವಾಗ, ನಿಮ್ಮ ಹುಡುಗಿಯೇ ಕಳಿಸಿದ್ದು ಎಂದು ಹೇಳಿ ಹೋಗಿದ್ದ. ಲೈನಿನಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಪೊಲೀಸರು ಇಲ್ಲಿಗೆ ಬಂದು ಕೇಳಿದರೆ ಎಂದು ಭವ್ಯಾಗೆ ಆಗ ಹೊಳೆಯಿತು.

ತಾಯಿಯನ್ನು ಒಳಗೆ ಕರೆದು ಎಲ್ಲ ಹೇಳಿದಳು. ಸುಬ್ಬಣ್ಣನವರು ಸತ್ತದ್ದು, ಕುಮಾರ ಸುಳ್ಳು ಹೇಳಿದ್ದು, ತಾನು ಇಲ್ಲ ಎಂದದ್ದು, ದೂರು ಬರೆದದ್ದು. ಸಿದ್ದಮ್ಮ ಗೋಡೆಗೆ ಒರಗಿ ಕೇಳಿದಳು.

"ಯಾರಾದ್ರೂ ಬಂದು ಕೇಳಿದ್ರೆ, ಆ ದಿನ ಡೀಸೆಲ್ ಯಾರೂ ತರಲಿಲ್ಲ ಅನ್ನು. ಲೈನಿನವರಿಗೂ ಹೇಳು. ಇಲ್ಲದಿದ್ರೆ ನಾನು ಜೈಲಿಗೆ ಹೋಗ್ತೀನಿ ಅಮ್ಮಾ."

ಸಿದ್ದಮ್ಮ ಹೊರಗೆ ಹೋದಳು. ಒಲೆಯ ಹತ್ತಿರ ಹೆಂಗಸರ ಜೊತೆ ತಗ್ಗಿದ ದನಿಯಲ್ಲಿ ಮಾತಾಡಿದಳು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಆಮೇಲೆ ಯಾರೂ ಭವ್ಯಾಳ ಕೆನ್ನೆ ಮುಟ್ಟಲಿಲ್ಲ.

ಹನ್ನೆರಡು ಗಂಟೆಗೆ ಕುಮಾರ ಬಂದ. ನಡೆದೇ ಬಂದಿದ್ದ. ಪ್ಯಾಂಟು ಮಂಡಿಯವರೆಗೆ ಕೆಸರಾಗಿತ್ತು. ತೊಟ್ಟಿಲು ಕಂಡು, ಇವತ್ತು ಇಲ್ಲಿ ಕಾರ್ಯವೆಂದು ಗೊತ್ತಿಲ್ಲದೆ ಬಂದವನಂತೆ ಅಂಗಳದ ಅಂಚಿನಲ್ಲೇ ನಿಂತ. ಭವ್ಯಾ ಒಳಗಿನ ಕೋಣೆಯಲ್ಲಿ ಅಕ್ಕನ ಪಕ್ಕ ಕೂತಿದ್ದಳು. ಬಾಗಿಲ ಪರದೆಯ ಸಂದಿಯಿಂದ ಅವನ ಕಾಲು ಕಾಣುತ್ತಿತ್ತು.

"ಸಿದ್ದಮ್ಮನವ್ರೇ," ಎಂದ. ಕಿವಿ ಕೇಳದ್ದರಿಂದ ಸ್ವಲ್ಪ ಜೋರಾಗಿಯೇ ಮಾತಾಡುತ್ತಿದ್ದ. "ನಿಮ್ ಹತ್ರ ಒಂದು ಮಾತು ಕೇಳಕ್ಕೆ ಬಂದೆ. ಆ ಗುರುವಾರ ನಾನು ಎರಡು ಕ್ಯಾನ್ ಇಳಿಸಿದ್ದು ನೀವು ನೋಡಿದೀರಿ. ನೀವೇ ನಂಗೆ ಕಾಫಿ ಕೊಟ್ರಿ. ವಕೀಲರು ಹೇಳಿದಾರೆ, ನೋಡಿದವರು ಒಬ್ಬರು ಹೇಳಿದ್ರೂ ಸಾಕು ಅಂತ. ಭವ್ಯಾ ಹೆಸರು ಹೇಳದೇನೂ ಬೇಡ. ನಾನು ಮಾರಿಲ್ಲ, ಇಲ್ಲಿ ಹಾಕಿದೆ ಅಂತ ಹೇಳಿದ್ರೆ ಸಾಕು. ನನ್ ಮಕ್ಕಳನ್ನ ಸ್ಕೂಲಲ್ಲಿ ಕಳ್ಳನ ಮಕ್ಕಳು ಅಂತಾವ್ರೆ."

ಒಲೆಯ ಹತ್ತಿರದ ಹೆಂಗಸರು ತಲೆ ತಗ್ಗಿಸಿ ಕೆಲಸ ಮುಂದುವರಿಸಿದರು.

"ನೀವು ಯಾರು ಮಾರಾಯ್ರೇ?" ಎಂದಳು ಸಿದ್ದಮ್ಮ.

"ಅಯ್ಯೋ, ನಾನು ಕುಮಾರ. ಟವರಿನ..."

"ನಾನು ನೋಡಿಲ್ಲ ನಿಮ್ಮನ್ನ."

"ಕಾಫಿ ಕೊಟ್ರಲ್ಲಮ್ಮ. ಇದೇ ಕಟ್ಟೆ ಮೇಲೆ ಕೂತು ಕುಡಿದೆ."

"ಇಲ್ಲಿ ದಿನಾ ನೂರು ಜನ ಬತ್ತಾರೆ. ನೆಪ್ಪಿಲ್ಲ."

ಕುಮಾರ ಉಳಿದವರ ಕಡೆ ತಿರುಗಿದ. ಕ್ಯಾನು ಹೊರಲು ಅವನಿಗೆ ಕೈ ಕೊಟ್ಟಿದ್ದ ಮರಿಯಮ್ಮ ಎಂಬ ಹೆಂಗಸು ಅಲ್ಲೇ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. "ಮರಿಯಮ್ಮಾ, ನೀವಾದ್ರೂ..." ಎಂದ. ಅವಳು ಈರುಳ್ಳಿಯಿಂದ ಕಣ್ಣು ಎತ್ತದೆ, ತೊಟ್ಟಿಲಿನ ದಿನ ಗಲಾಟೆ ಮಾಡಬೇಡಿ, ಹೋಗಿ ಎಂದಳು.

ದೀಪಶ್ರೀ ತಂಗಿಯ ಮುಖ ನೋಡಿದಳು. ಮಡಿಲಲ್ಲಿದ್ದ ಮಗುವನ್ನು ಅವಳಿಂದ ಸ್ವಲ್ಪ ಆಚೆಗೆ ಸರಿಸಿಕೊಂಡಳು.

ಪರದೆಯ ಸಂದಿಯಲ್ಲಿ ಕಾಣುತ್ತಿದ್ದ ಕಾಲು ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ತಿರುಗಿತು. ಅಂಗಳದ ಕೆಸರಿನಲ್ಲಿ ಚಪ್ಪಲಿಯ ಸದ್ದು ದೂರವಾಯಿತು. ಅವನು ಹಿಂದಿರುಗಿ ಬರಬಹುದೆಂದು ಭವ್ಯಾ ಕಾದಳು. ಬರಲಿಲ್ಲ.

ಊಟಕ್ಕೆ ಕೂತಾಗ ಸಿದ್ದಮ್ಮ ಮಗಳ ಎಲೆಗೆ ಬಡಿಸುತ್ತಾ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು: "ನಿನಗೋಸ್ಕರ ಹೇಳಿದ್ದಲ್ಲ ನಾನು. ಆ ಕೂಸು ಹುಟ್ಟಿದ್ದಕ್ಕೆ ಒಬ್ರು ಸತ್ರು ಅನ್ನೋ ಮಾತು ಅದರ ತಲೆ ಮೇಲೆ ಬೀಳಬಾರದು, ಅದಕ್ಕೆ. ಉಂಡು ಹೊರಡು. ಮೂರು ಗಂಟೆಗೆ ಬಸ್ಸದೆ. ಇನ್ನು ಈ ಕಡೆ ಬರೋ ಕೆಲಸ ಇಟ್ಕೋಬೇಡ."

ಭವ್ಯಾ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಹಸಿವಾಗಿತ್ತು. ಎರಡನೆಯ ಸಲ ಅನ್ನ ಹಾಕಿಸಿಕೊಂಡು ಉಂಡಳು.

ಕುಮಾರ ಆ ವರ್ಷದ ಕೊನೆಗೆ ತಪ್ಪೊಪ್ಪಿಕೊಂಡ. ಒಪ್ಪಿಕೊಂಡರೆ ಶಿಕ್ಷೆ ಕಡಿಮೆಯಾಗುತ್ತದೆ ಎಂದು ವಕೀಲ ಹೇಳಿದ್ದನಂತೆ. ಎರಡು ವರ್ಷ ಶಿಕ್ಷೆಯಾಯಿತು. ಅವನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೊಟ್ಟಿಗೆಹಾರ ಬಿಟ್ಟಳು, ಎಲ್ಲಿಗೆಂದು ತಿಳಿಯದು. ದರ್ಶನ್ ಹಾಸನಕ್ಕೆ ವರ್ಗವಾಗಿ ಹೋದ. ಅವನ ಕುರ್ಚಿಗೆ ಭವ್ಯಾಳನ್ನು ಕೂರಿಸಿದರು. ಈಗ ಅವಳ ಕೈಕೆಳಗೆ ಮೂಡಿಗೆರೆ, ಕಳಸ ಎರಡೂ ಕಡೆಯ ನಲವತ್ತೊಂದು ಟವರುಗಳಿವೆ.

ವಿಮಲಮ್ಮ ಹದಿನೈದು ದಿನಕ್ಕೊಮ್ಮೆ ಫೋನು ಮಾಡುತ್ತಾರೆ. ಕೇಸು ಮುಗಿದಿದೆ, ಕೇಳಲು ಏನೂ ಉಳಿದಿಲ್ಲ. ಕಾಫಿ ಹೂವು ಬಂದದ್ದು, ಕೋತಿಗಳ ಕಾಟ, ತಮ್ಮ ಮಗಳು ರಕ್ಷಾಗೆ ಗಂಡು ನೋಡುತ್ತಿರುವುದು, ಇಂಥವನ್ನೇ ಹೇಳುತ್ತಾರೆ. ನಿನ್ನ ಹತ್ತಿರ ಮಾತಾಡಿದರೆ ಮನಸ್ಸು ಹಗುರಾಗುತ್ತದೆ ಮಗಾ ಎನ್ನುತ್ತಾರೆ. ಎತ್ತದಿದ್ದರೆ ಅನುಮಾನ ಬಂದೀತೆಂದು ಭವ್ಯಾ ಪ್ರತಿ ಸಲವೂ ಎತ್ತುತ್ತಾಳೆ. ಹೂಂ ವಿಮಲಮ್ಮ, ಹೂಂ, ಎನ್ನುತ್ತಾ, ಅವರು ಸಾಕು ಎನ್ನುವವರೆಗೂ ಕೇಳುತ್ತಾಳೆ.